ಒಂದು ಗೂಟ, ಮೂರು ‘ಅವರು’

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಕ್ಯಾಮೆರಾದ ಲೆನ್ಸಿಗೆ ಬೂಷ್ಟು ಹಿಡಿಯಲಿ, ಇನ್ನು ಮುಂದೆ ನಾನು ತೆಗೆಯುವ ಮದುವೆ ಫೋಟೋಗಳಲ್ಲೆಲ್ಲ ಮದುಮಗ ಕಣ್ಣು ಮುಚ್ಚಿಕೊಂಡೇ ಬರಲಿ. ನನ್ನ ಹೆಸರು ಗುರುಶಾಂತ. ಮಹಾರಾಷ್ಟ್ರದ ನಿಲಂಗಾದಲ್ಲಿ ಕೋರ್ಟಿನ ಎದುರು ನನ್ನ ಫೋಟೋ ಸ್ಟುಡಿಯೋ. ಇಪ್ಪತ್ತೆಂಟು ವರ್ಷ ಜನರ ಮುಖವನ್ನು ಇದ್ದದ್ದು ಇದ್ದ ಹಾಗೆ ತೋರಿಸಿ ಬೈಸಿಕೊಂಡವನು ನಾನು. ಸುಳ್ಳು ಹೇಳುವ ರೂಢಿ ಇದ್ದಿದ್ದರೆ ಇಷ್ಟು ಹೊತ್ತಿಗೆ ಲಾತೂರಿನಲ್ಲಿ ಎರಡನೆಯ ಸ್ಟುಡಿಯೋ ತೆರೆದಿರುತ್ತಿದ್ದೆ.

ಈ ಸಂಗತಿಯನ್ನು ಮೊನ್ನೆ ನಿಲಂಗಾ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಬೀರಣ್ಣನಿಗೆ ಹೇಳಿದೆ. ಬೀರಣ್ಣ ದೇವಣಿಯ ಎತ್ತಿನ ದಲಾಲ. ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುವವನು. ಹೀಗಾಗಿ ಯಾರು ಬಾಯಿ ತೆರೆದರೂ ಅನುಮಾನದಿಂದಲೇ ಒಳಗೆ ಇಣುಕುತ್ತಾನೆ. ಅವನಿಗೆ ಹೇಳಿದ ಹಾಗೆಯೇ ನಿಮಗೂ ಹೇಳುತ್ತೇನೆ.

ನಮ್ಮ ಓಣಿಯ ರಾಚಯ್ಯನವರ ಕಿರಿಸೊಸೆ ವಿಜಯಶ್ರೀ. ತವರು ಗಡಿಯಾಚೆಯ ಔರಾದ. ನಮ್ಮೂರಿನ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಾಳೆ. ಗಂಡ ಧೀರಜ ಟ್ರೇಲರ್ ಓಡಿಸುತ್ತಾನೆ. ಅಂತಿಂಥ ಟ್ರೇಲರ್ ಅಲ್ಲ, ಗುಡ್ಡದ ಮೇಲೆ ತಿರುಗುತ್ತವಲ್ಲ ಗಾಳಿಯಂತ್ರಗಳು, ಅವುಗಳ ರೆಕ್ಕೆ ಹೊರುವ ಟ್ರೇಲರ್. ಒಂದು ಗಾಡಿಯಲ್ಲಿ ಒಂದೇ ರೆಕ್ಕೆ.

"ಎಷ್ಟ ಉದ್ದ ಇರ್ತದೋ ಗುರುಶಾಂತಣ್ಣಾ?" ಎಂದ ಬೀರಣ್ಣ.

"ಮುಂದ ಡ್ರೈವರನ ಮ್ಯಾಲ ಮಳಿ ಬೀಳತಿರ್ತದ, ಹಿಂದಿನಾಂವ ಬಿಸಲಾಗ ಬೆವರ್ತಿರ್ತಾನ. ನಡುವ ಕಾಮನಬಿಲ್ಲ."

ಬೀರಣ್ಣ ನನ್ನ ಹಲ್ಲು ನೋಡಿದ.

ಅಂಥ ಗಾಡಿ ಊರೊಳಗೆ ಬಂದರೆ ಎಮ್ಮೆಗಿಂತ ನಿಧಾನ ನಡೆಯಬೇಕು. ತಿರುವು ಬಂದರಂತೂ ಮುಗಿಯಿತು. ಒಂದು ಘಾಟಿನಲ್ಲಿ ಒಂದೇ ತಿರುವು ದಾಟಲು ಧೀರಜನಿಗೆ ಹನ್ನೊಂದು ದಿನ ಹಿಡಿಯಿತು. ಅಷ್ಟರಲ್ಲಿ ಅವನ ಹಿಂದಿನ ಚಕ್ರ ನೋಡಿಕೊಳ್ಳುವವನಿಗೆ ಆ ಊರಿನಲ್ಲೇ ಹೆಣ್ಣು ಗೊತ್ತಾಗಿ ಅಕ್ಕಿಕಾಳು ಬಿದ್ದವು. ಅಂದಮೇಲೆ ಧೀರಜ ಮನೆಗೆ ಬರುವುದೆಲ್ಲಿಂದ? ಮದುವೆಯಾಗಿ ಎರಡು ವರ್ಷದಲ್ಲಿ ಗಂಡಹೆಂಡತಿ ಒಂದೇ ಸೂರಿನಡಿ ಇದ್ದದ್ದು ಎಪ್ಪತ್ತು ದಿನ. ಈ ಸಲ ಹೋಗಿ ಎಂಟು ತಿಂಗಳಾಗಿತ್ತು.

ಹೋಗುವ ದಿನ ಒಂದು ಮಾತಾಗಿತ್ತು. ನಮ್ಮ ಕಡೆಯ ಮನೆಗಳಲ್ಲಿ ಸೊಸೆಯಾದವಳು ಗಂಡ, ಮಾವ, ಭಾವ ಈ ಮೂವರ ಹೆಸರನ್ನು ಬಾಯಲ್ಲಿ ತರುವುದಿಲ್ಲ. ಮದುವೆ, ಕುಬಸದಲ್ಲಿ ಹೆಂಗಸರು ಅಡ್ಡಗಟ್ಟಿ ನಿಂತಾಗ ಒಂದು ಒಡಪು ಕಟ್ಟಿ, ಅದರ ಸೆರಗಿನಲ್ಲಿ ಮುಚ್ಚಿ ಗಂಡನ ಹೆಸರು ಹೇಳಬೇಕು, ಅಷ್ಟೇ. ವಿಜಯಶ್ರೀ ಮದುವೆಯಲ್ಲಿ ಒಡಪು ಹೇಳಿದ್ದಳು. ಆದರೆ ಹೆಸರಿನ ಹತ್ತಿರ ಬರುವುದಕ್ಕೂ ಬ್ಯಾಂಡಿನವನು ತುತ್ತೂರಿ ಊದುವುದಕ್ಕೂ ಸರಿಹೋಯಿತು. ನಾನೇ ಎದುರು ನಿಂತು ಫೋಟೋ ತೆಗೆಯುತ್ತಿದ್ದೆ. ಬಾಯಿ ಆಡಿದ್ದು ಕಂಡಿತು, ದನಿ ಕೇಳಲಿಲ್ಲ. ಧೀರಜನಿಗೂ ಕೇಳಲಿಲ್ಲ. ಎಂಟು ತಿಂಗಳ ಹಿಂದೆ ಹೊರಡುವಾಗ ಇದೇ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಬಗ್ಗಿ, "ಒಮ್ಮೆರ ನನ್ನ ಹೆಸರ ತಗೋ, ದಾರಿಗಿ ಆಗ್ತದ" ಎಂದನಂತೆ. ಇವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳಂತೆ. ನಗುವುದರೊಳಗೆ ಬಸ್ಸು ಹೋಯಿತು. ಅಂದಿನಿಂದ ಆ ಹೆಸರು ಹಲ್ಲಿಗೆ ಸಿಕ್ಕ ಅಡಕಿ ಚೂರಿನಂತೆ ಅವಳ ಬಾಯಲ್ಲೇ ಇತ್ತು. ನುಂಗಲಾಗದು, ಉಗುಳಲಾಗದು.

ಕ್ಲಾಸಿನಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವಳು. ಅಲ್ಲಿ ಫೋನು ತೆಗೆಯುವಂತಿಲ್ಲ. ಆಕೆ ಒಂದು ಉಪಾಯ ಮಾಡಿದಳು. ತಾನೇ ಒಂದು ಪ್ರೋಗ್ರಾಂ ಬರೆದಳು. ಬೆಳಗ್ಗೆ ಕಂಪ್ಯೂಟರ್ ಹಚ್ಚಿದ ಕೂಡಲೆ ಪರದೆಯ ಮೂಲೆಯಲ್ಲೊಂದು ಅಂಗೈಯಷ್ಟು ಕಿಟಕಿ ತೆರೆಯಬೇಕು, ಅದರಲ್ಲಿ ಧೀರಜನ ಫೋಟೋ ಕಾಣಬೇಕು. ಕಲಿಸುತ್ತ ಕಲಿಸುತ್ತ ವಾರೆಗಣ್ಣಿನಲ್ಲಿ ನೋಡಿಕೊಳ್ಳಬಹುದು. ಆದರೆ ಗಂಡನ ಫೋಟೋ ಒಂದೇ ಇಟ್ಟರೆ ಕಲಿಯುವ ಹುಡುಗಿಯರು ಕಿಸಕ್ಕೆನ್ನುತ್ತಾರೆ. ಅದಕ್ಕೇ ಮರ್ಯಾದೆಗೆಂದು ಪಕ್ಕದಲ್ಲಿ ಮಾವನವರನ್ನೂ ಭಾವನವರನ್ನೂ ಕೂರಿಸಿದಳು. ಮೂರು ಚೌಕಟ್ಟು. ಮೊದಲನೆಯದು ಧೀರಜನದು, ಅದನ್ನು ಹೇಳಬೇಕಾಗಿಲ್ಲ. ಎರಡನೆಯದು ಮಾವ ರಾಚಯ್ಯನವರದು. ಮೂರನೆಯದು ಭಾವ ಭರತನದು.

ಓಡಿಸಿದಳು. ಕಿಟಕಿ ತೆರೆಯಿತು. ಮೊದಲ ಚೌಕಟ್ಟು ಬರೀ ಬೂದಿ ಬಣ್ಣ. ಎರಡನೆಯದೂ ಬೂದಿ. ಮೂರನೆಯದರಲ್ಲಿ ಭಾವ ಭರತ, ಮೀಸೆಗೆ ಎಣ್ಣೆ ಹಚ್ಚಿಕೊಂಡು, ಕಂಪ್ಯೂಟರನ್ನು ತಾನೇ ಕೊಂಡವನಂತೆ ಕೂತಿದ್ದ.

ಹತ್ತು ಸಲ ಓಡಿಸಿದಳು, ಹತ್ತು ಸಲವೂ ಭಾವನೇ. ಹಿಂದೆ ನಿಂತಿದ್ದ ಶಿವಾನಿ ಎಂಬ ಹುಡುಗಿ ಮರಾಠಿಯಲ್ಲಿ, "ಮ್ಯಾಡಂ, ಸರ ಭಾರೀ ಆಹೇತ ಹಂ!" ಎಂದಳು. ನಿಮ್ಮ ಯಜಮಾನರು ಜೋರಿದ್ದಾರೆ ಎಂದು ಮೆಚ್ಚಿದ್ದು. ವಿಜಯಶ್ರೀ ಕಂಪ್ಯೂಟರಿನ ವಾಯರನ್ನೇ ಕಿತ್ತು ನೇರ ನನ್ನ ಸ್ಟುಡಿಯೋಕ್ಕೆ ಬಂದಳು.

"ಕಾಕಾ, ನೀವ ತಗದ ಫೋಟೋ ಕೆಟ್ಟಾವ."

"ಅಂದ್ರ?"

"ಅವರು ಕಾಣವಲ್ರು. ಭಾವನೋರ ಹೊಂಟೇ ಹೋಗವಲ್ರು."

ಮೂರೂ ಫೋಟೋ ನಾನೇ ತೆಗೆದದ್ದು. ಪ್ರೋಗ್ರಾಂ ಎಂದರೆ ನನಗೆ ಮದುವೆ, ಜವಳ ಇಂಥವೇ ಗೊತ್ತು. ಆದರೆ ಗೊತ್ತಿಲ್ಲ ಎನ್ನುವುದು ನಮ್ಮ ಮನೆತನದಲ್ಲಿಲ್ಲ. ಧೀರಜನ ಫೋಟೋವನ್ನು ಮತ್ತೆ ಸ್ಕ್ಯಾನ್ ಮಾಡಿದೆ, ಬೆಳಕು ಏರಿಸಿದೆ, ಅಳತೆ ಇಳಿಸಿದೆ, ಮಧ್ಯಾಹ್ನದ ಬಿಸಿಲಿಗೆ ಅರ್ಧ ಗಂಟೆ ಒಣಗಲಿಟ್ಟೆ. ಏನೂ ಆಗಲಿಲ್ಲ. ಕಡೆಗೆ ಭಾನುವಾರ ಕ್ಲಾಸಿಗೆ ರಜೆ ಇದ್ದಾಗ ನಾನೇ ಹೋದೆ. ಧೀರಜನ ತಾಯಿ ಪ್ರಯಾಗಬಾಯಿಯೂ ಬಂದಿದ್ದರು, ಮಗನನ್ನು ದೊಡ್ಡ ಪರದೆಯಲ್ಲಿ ನೋಡುತ್ತೇನೆಂದು.

ಕಿಟಕಿ ತೆರೆಯಿತು. ಭರತ ಬಂದ.

"ನನ್ನ ಧೀರ್ಯಾ ಎಲ್ಲಿ ಹ್ವಾದ?" ಎಂದರು ಪ್ರಯಾಗಬಾಯಿ.

"ಅಲ್ಲೇ ಅದಾರ್ರಿ ಅತ್ತಿ, ಮೊದಲನೇದು. ಜಾಗಾ ಅದ, ಮಾರಿ ಇಲ್ಲ."

"ಮನ್ಯಾಗೂ ಅದೇ ಹಣೇಬರಾ. ಖಾಟ ಅದ, ಅಂವಾ ಇಲ್ಲ."

ವಿಜಯಶ್ರೀ ಬೂದಿ ಚೌಕಟ್ಟಿನ ಮೇಲೆ ಬೆರಳಿಟ್ಟು ಧೂಳು ಒರೆಸಿದಂತೆ ಒರೆಸಿದಳು. ಧೂಳೇನೂ ಇರಲಿಲ್ಲ.

"ನೀ ಬರದದ್ದು ತೋರಸು" ಎಂದೆ. ತೋರಿಸಿದಳು. ಇಂಗ್ಲಿಷ್ ಅಕ್ಷರಗಳ ಸಾಲು. ಬೇರೆಯದೇನೂ ತಿಳಿಯದಿದ್ದರೂ ಒಂದು ಪದ ಓದಲು ಬಂತು. ಮೂರು ಸಾಲಿನ ತಲೆಗೂ ಅದೇ ಪದ. ‘ಅವರು’.

"ಇಲ್ಲಿ ಅವರು ಅಂದ್ರ ಯಾರವ್ವಾ?"

"ಅವರೇ ರೀ, ಕಾಕಾ." ತಲೆ ತಗ್ಗಿಸಿದಳು.

"ಅದರ ಕೆಳಗಿನ ಅವರು?"

"ಅವರು ಅತ್ತೀಯವರ ಅವರು."

"ಅದರ ಕೆಳಗಿನ ಅವರು?"

"ಅವರು ಅಕ್ಕನ ಅವರು."

ಇಲ್ಲಿ ಬೀರಣ್ಣ ನನ್ನನ್ನು ತಡೆದ. "ಇದರಾಗ ತಪ್ಪೇನದ? ನಮ್ಮ ಮನ್ಯಾಗೂ ಹಾಂಗೇ ಅಂತಾರ."

"ಮನುಷ್ಯಾರಿಗಿ ತಿಳೀತದ, ಮಶೀನಕ ತಿಳ್ಯಂಗಿಲ್ಲ. ನೀ ಒಂದ ಗೂಟಕ್ಕ ಒಂದ ಎತ್ತ ಕಟ್ಟತಿ. ಅದೇ ಗೂಟಕ್ಕ ಇನ್ನೊಂದ ಕಟ್ಟಬೇಕಂದ್ರ?"

"ಮೊದಲನೇದು ಬಿಚ್ಚಬೇಕು."

"ಬಿಚ್ಚಿದ ಎತ್ತು?"

"ಅದು ನಿಲ್ತದೇನು? ಹೋಗೇ ಬಿಡ್ತದ."

ಅಷ್ಟೇ ಸಂಗತಿ. ಕಂಪ್ಯೂಟರಿನಲ್ಲಿ ಪ್ರತಿ ಚಿತ್ರವನ್ನೂ ಒಂದು ಹೆಸರಿಗೆ ಕಟ್ಟಿ ಹಾಕಬೇಕು. ಹೆಸರು ಹಿಡಿದಿರುವವರೆಗೆ ಚಿತ್ರ ನಿಲ್ಲುತ್ತದೆ. ಯಾವ ಹೆಸರೂ ಹಿಡಿಯದ ಚಿತ್ರ ಯಾರಿಗೂ ಬೇಡವಾದದ್ದು ಎಂದುಕೊಂಡು ಯಂತ್ರ ಅದನ್ನು ಗುಡಿಸಿ ಹಾಕುತ್ತದೆ. ಚೌಕಟ್ಟು ಮಾತ್ರ ಖಾಲಿ ಉಳಿಯುತ್ತದೆ. ವಿಜಯಶ್ರೀ ‘ಅವರು’ ಎಂಬ ಒಂದೇ ಗೂಟಕ್ಕೆ ಮೊದಲು ಗಂಡನನ್ನು ಕಟ್ಟಿದ್ದಳು. ಅದೇ ಗೂಟಕ್ಕೆ ಮಾವನನ್ನು ಕಟ್ಟಿದಾಗ ಗಂಡ ಬಿಚ್ಚಿ ಹೋದ. ಭಾವನನ್ನು ಕಟ್ಟಿದಾಗ ಮಾವನೂ ಹೋದರು. ಭಾವ ಕಡೆಯವನಾದ್ದರಿಂದ ಮೀಸೆ ತಿರುವುತ್ತ ಉಳಿದ. ಅವತ್ತು ಅವಳಿಗೂ ಇದೇ ಎತ್ತಿನ ಮಾತು ಹೇಳಿದೆ, ಕೂಡಲೆ ತಿಳಿಯಿತು. ಹಣೆ ಬಡಿದುಕೊಂಡಳು. "ಹುಡಗ್ಯಾರಿಗಿ ನಾನೇ ಕಲಸ್ತೀನಿ ಕಾಕಾ ಇದು. ಬಾಯಿ ರೂಢಿ ಕೈಬಟ್ಟಿನಾಗ ಇಳದದ."

"ಅಂದ್ರ ಈಗ ಅವನ ಹೆಸರಿಗೇ ಅವನ್ನ ಕಟ್ಟು. ಬಾಯಿಲೆ ಅನ್ನಬ್ಯಾಡ, ಬಟ್ಟಿಲೆ ಒತ್ತು. ಇಂಗ್ಲಿಷ್‌ನಾಗ ಆರೇ ಅಕ್ಷರ."

ಅವಳ ಬೆರಳು ಮೊದಲ ಅಕ್ಷರದ ಮೇಲೆ ಹೋಗಿ ನಿಂತಿತು. ಒತ್ತಲಿಲ್ಲ.

"ಅತ್ತಿ ಕುಂತಾರ್ರಿ."

"ನಾ ಕಣ್ಣ ಮುಚ್ಚತೀನಿ ತಗೋ" ಎಂದು ಪ್ರಯಾಗಬಾಯಿ ಮುಚ್ಚಿಯೂ ಮುಚ್ಚಿದರು. ಬೆರಳು ಇಳಿಯಲಿಲ್ಲ.

"ಆತ ಬಿಡು, ನಂಬರ ಹಾಕು. ಅವರು ಒಂದು, ಅವರು ಎರಡು, ಅವರು ಮೂರು" ಎಂದೆ.

ಪ್ರಯಾಗಬಾಯಿ ಕಣ್ಣು ತೆರೆದರು. "ಏನೋ ಗುರ್ಶ್ಯಾ, ನನ್ನ ಸೊಸಿಗಿ ಒಂದ ನಂಬರ ಗಂಡ, ಎರಡ ನಂಬರ ಗಂಡ ಮಾಡ್ತಿಯೇನು? ಬಾಯಾಗ ಹುಳ ಬೀಳಲಿ ನಿನ್ನ!"

ಕಡೆಗೆ ಅವಳೇ ದಾರಿ ಕಂಡಳು. ಮಾವನವರ ಫೋಟೋವನ್ನು ‘ಮಾವ’ ಎಂಬುದಕ್ಕೆ ಕಟ್ಟಿದಳು, ಭಾವನದನ್ನು ‘ಭಾವ’ ಎಂಬುದಕ್ಕೆ. ‘ಅವರು’ ಎಂಬ ಗೂಟದಲ್ಲಿ ಧೀರಜನೊಬ್ಬನೇ ಉಳಿದ.

ಕಿಟಕಿ ತೆರೆಯಿತು, ಮೂವರೂ ಬಂದರು. ಧೀರಜನ ಆ ಫೋಟೋ ನನ್ನ ಸ್ಟುಡಿಯೋದಲ್ಲಿ ತೆಗೆದದ್ದು. ತೆಗೆಯುವಾಗ ಎಷ್ಟು ಸಲ "ಇತ್ತ ನೋಡು" ಎಂದರೂ ಅವನು ಕ್ಯಾಮೆರಾ ನೋಡದೆ ಪಕ್ಕಕ್ಕೆ ನೋಡಿದ್ದ. ಪಕ್ಕದಲ್ಲಿ ಇವಳು ನಿಂತಿದ್ದಳು. ಈಗ ಪರದೆಯಲ್ಲೂ ಪಕ್ಕಕ್ಕೇ ನೋಡುತ್ತಿದ್ದ. ವಿಜಯಶ್ರೀ ತನ್ನ ಕುರ್ಚಿಯನ್ನು ಸದ್ದಿಲ್ಲದೆ ಅವನು ನೋಡುವ ಕಡೆಗೆ ಸರಿಸಿಕೊಂಡಳು. ಪ್ರಯಾಗಬಾಯಿ ಅದನ್ನು ಕಂಡು ಬಾಗಿಲ ಹೊರಗಿನ ಬೇವಿನ ಮರ ನೋಡತೊಡಗಿದರು. ನಾನೂ ಅದೇ ಮರ ನೋಡಿದೆ.

ಚಿತ್ರ ನಿಂತರೆ ಹಂಬಲ ತಗ್ಗುತ್ತದೆ ಎಂದುಕೊಂಡಿದ್ದೆ. ಉಲ್ಟಾ ಆಯಿತು. ಬೂದಿ ಚೌಕಟ್ಟಿದ್ದಾಗ ಅದನ್ನು ರಿಪೇರಿ ಮಾಡುವ ಕೆಲಸವಾದರೂ ಇತ್ತು. ಈಗ ನೋಡುವುದೊಂದೇ ಕೆಲಸ. ಮಧ್ಯಾಹ್ನದ ಡಬ್ಬಿಯನ್ನು ಕಿಟಕಿಯ ಮುಂದಿಟ್ಟು ಉಣ್ಣುತ್ತಾಳೆ, ಅರ್ಧಕ್ಕೆ ಬಿಡುತ್ತಾಳೆ ಎಂದು ಹುಡುಗಿಯರು ಹೇಳಿದರು.

ಹೀಗಿರುವಾಗ ಒಂದು ಬುಧವಾರ ಧೀರಜನ ಫೋನು ಬಂತು. ನಾಳೆ ಹನ್ನೊಂದರ ಸುಮಾರಿಗೆ ಉಮರ್ಗಾ ಹಾಯ್ದು ಹೋಗುತ್ತೇವೆ. ಹೈದರಾಬಾದ್ ಕಡೆಯಿಂದ ಬಂದು ಸೊಲ್ಲಾಪುರದ ಕಡೆಗೆ. ನಿಲ್ಲಿಸುವ ಹಾಗಿಲ್ಲ. ಒಂದು ಗಾಡಿ ನಿಂತರೆ ಹಿಂದಿನ ಎಲ್ಲವೂ ನಿಲ್ಲಬೇಕು, ಊರಿಗೆ ಊರೇ ಮುಚ್ಚಿಹೋಗುತ್ತದೆ. ಊರೊಳಗೆ ಫೋನನ್ನೂ ಮುಟ್ಟುವಂತಿಲ್ಲ. ರಸ್ತೆ ಬದಿಗೆ ನಿಂತಿರು, ಕಣ್ಣಿಗೆ ಬಿದ್ದರೆ ಬಿದ್ದೆ. ಇಲ್ಲದಿದ್ದರೆ ಇನ್ನು ದೀಪಾವಳಿಗೇ.

ಗುರುವಾರ ಬೆಳಗ್ಗೆ ನನ್ನ ಸ್ಕೂಟರಿನಲ್ಲಿ ಹೊರಟೆವು. ಪ್ರಯಾಗಬಾಯಿ ದಪಾಟಿ ರೊಟ್ಟಿ ಬಡಿದು, ಶೇಂಗಾ ಹಿಂಡಿ ಕಟ್ಟಿಕೊಟ್ಟು, ಸೊಸೆಯ ಕಿವಿಯಲ್ಲಿ ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ. "ಉಮರ್ಗಾ ಮಟ ನನ್ನ ಕಿವಿ ಬರಂಗಿಲ್ಲ. ಅಲ್ಲಿ ನೀ ಏನರ ಅನ್ನು."

ಕಾಸಾರ ಶಿರಸಿ ದಾಟಿ ಉಮರ್ಗಾ ಮುಟ್ಟಿ ಹೆದ್ದಾರಿಯ ಬದಿಗೆ ನಿಂತೆವು. ಹನ್ನೊಂದಕ್ಕೆ ದಾರಿ ಬಿಡಿಸುವ ಜೀಪು ಸೀಟಿ ಊದುತ್ತ ಬಂತು. ಅದರ ಹಿಂದೆ ಟ್ರೇಲರ್. ಅದರ ಹಿಂದೆ ಇನ್ನೊಂದು. ಒಂದು ಯಂತ್ರಕ್ಕೆ ಮೂರು ರೆಕ್ಕೆ. ನಾಲ್ಕು ಯಂತ್ರ. ಒಟ್ಟು ಹನ್ನೆರಡು ಗಾಡಿ, ಎಲ್ಲವೂ ಒಂದೇ ಬಣ್ಣ. ಡ್ರೈವರ್ ಕೂರುವ ಜಾಗ ಮನೆಯ ಮಾಳಿಗೆಯಷ್ಟು ಎತ್ತರ. ಮುಂದಿನ ಗಾಜಿನ ಮೇಲೆ ಸೂರ್ಯ ಕೂತಿದ್ದಾನೆ, ಒಳಗೆ ಯಾರಿದ್ದಾರೆಂದು ಕಾಣುವುದಿಲ್ಲ. ಡ್ರೈವರುಗಳೆಲ್ಲ ಮೇಲಿನ ಕರೆಂಟಿನ ತಂತಿಯ ಮೇಲೆ ಕಣ್ಣಿಟ್ಟಿದ್ದಾರೆ. ರಸ್ತೆಯ ಬದಿಗೆ ಯಾರು ನೋಡಬೇಕು?

ವಿಜಯಶ್ರೀ ಒಮ್ಮೆ ಉಸಿರು ಎಳೆದುಕೊಂಡು ಕೂಗಿದಳು.

"ರೀ!"

ಬೀರಣ್ಣ, ನಿನ್ನಾಣೆ, ಎಲ್ಲರೂ ತಿರುಗಿದರು. ಒಬ್ಬ ಪಂಜಾಬಿನವನು, ಒಬ್ಬ ಬಿಹಾರದವನು, ಒಬ್ಬ ಕಣ್ಣು ಕಾಣದ ರಾಜಸ್ಥಾನದವನು.

"ಕಣ್ಣ ಕಾಣದಾಂವ ಗಾಡಿ ಹ್ಯಾಂಗ ಹೊಡೀತಾನೋ?" ಎಂದ ಬೀರಣ್ಣ.

"ಒಂದ ಕಣ್ಣ. ನಡುವ ಬಾಯಿ ಹಾಕಬ್ಯಾಡ."

ಯಾವ ಭಾಷೆಯವನಾದರೇನು, ‘ರೀ’ ಅನ್ನುವ ದನಿ ಗಂಡನಾದವನಿಗೆ ಗೊತ್ತಾಗುತ್ತದೆ. ಬದಿಯ ಪಾನ್ ಅಂಗಡಿಯವನು ತಿರುಗಿದ, ಎಸ್.ಟಿ. ಬಸ್ಸಿನ ಕಂಡಕ್ಟರ್ ತಿರುಗಿದ, ಇಪ್ಪತ್ತು ವರ್ಷದಿಂದ ಯಾರೂ ಹಾಗೆ ಕರೆಯದ ನಾನೂ ತಿರುಗಿದೆ. ತಿರುಗದವನು ಒಬ್ಬನೇ. ಆರೋ ಏಳೋ ಗಾಡಿ ದಾಟಿದ್ದವು. ಅವನು ಹೋದವುಗಳಲ್ಲಿದ್ದಾನೋ ಬರುವವುಗಳಲ್ಲಿದ್ದಾನೋ ಯಾರಿಗೆ ಗೊತ್ತು.

"ರೀ ಅಂದ್ರ ಆಗಂಗಿಲ್ಲವ್ವಾ. ಹೆಸರ ಒದರು!"

ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡಳು. ಕಣ್ಣು ಮುಚ್ಚಿದಳು. ಬರೀ ಹೆಸರು ಹೇಗೆ ಹೇಳುವುದು? ಪದ್ಧತಿ ಇದೆಯಲ್ಲ, ಒಡಪು ಶುರು ಮಾಡಿದಳು.

"ಉದಗೀರ ಬಜಾರದಾಗ ಹಸರ ಬಳಿ ಇಟ್ಕೊಂಡು..."

ಎಂಟನೆಯ ಗಾಡಿ ಹೋಯಿತು.

"ನಿಲಂಗಾದ ಹೊಸ್ತಲದಾಗ ಅಕ್ಕಿ ಚೆಲ್ಕೊಂಡು..."

ಒಂಬತ್ತನೆಯದು.

"ಒಡಪ ಬಿಡು! ಒಡಪ ಮುಗ್ಯೂದರಾಗ ಅಂವಾ ಸೊಲ್ಲಾಪುರದಾಗ ಇರ್ತಾನ!"

ಹತ್ತನೆಯದರ ಮೂತಿ ನಮ್ಮ ಎದುರಿಗೆ ಬಂದಿತ್ತು. ವಿಜಯಶ್ರೀ ಕಣ್ಣು ತೆರೆದಳು.

"ಧೀರಜ!"

ಎಂಟು ತಿಂಗಳು ಕಟ್ಟಿಟ್ಟಿದ್ದ ದನಿ. ಪಾನ್ ಅಂಗಡಿಯ ಗಾಜಿನ ಬರಣಿ ಬಿರುಕು ಬಿಟ್ಟಿತು, ಬೇಕಾದರೆ ಹೋಗಿ ನೋಡಿ. ಒಬ್ಬನೇ ಒಬ್ಬ ತಿರುಗಿದ. ಅದೇ ಹತ್ತನೆಯ ಗಾಡಿಯ ಕಿಟಕಿಯಿಂದ ಗಡ್ಡ ಬಿಟ್ಟ, ಕಣ್ಣು ಕೆಂಪಾದ ತಲೆಯೊಂದು ಹೊರಗೆ ಬಂತು.

"ಏನಂದಿ?"

"ಕೇಳಸಲಿಲ್ಲೇನು?" ಅವಳು ಆಗಲೇ ಕಿಟಕಿಯ ಕೆಳಗೆ ಗಾಡಿಯ ಜೊತೆ ನಡೆಯುತ್ತಿದ್ದಳು.

"ಇಲ್ಲ. ಇನ್ನೊಮ್ಮೆ ಅನ್ನು."

"ಧೀರಜ."

"ಈ ಇಂಜಿನ ಸಪ್ಪಳಕ್ಕ ಏನೂ ಕೇಳಸಂಗಿಲ್ಲ ನೋಡು. ಇನ್ನೊಮ್ಮೆ."

ಅವನಿಗೆ ಮೊದಲನೆಯದೇ ಕೇಳಿಸಿತ್ತು. ಉಮರ್ಗಾದ ಕಿವುಡರಿಗೂ ಕೇಳಿಸಿತ್ತು. ಆದರೂ ಮೂರು ಸಲ ಅನ್ನಿಸಿಕೊಂಡ.

ಗಾಡಿ ನಿಲ್ಲಲಿಲ್ಲ. ಮನುಷ್ಯರು ನಡೆಯುವಷ್ಟೇ ವೇಗದಲ್ಲಿ ಹೋಗುತ್ತಿತ್ತು, ಅವಳು ನಡೆದಳು. ಉಮರ್ಗಾದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಂಟು ತಿಂಗಳ ಸಂಸಾರ ಮಾಡಿದರು. ದಪಾಟಿ ಗಂಟನ್ನು ಕೋಲಿಗೆ ಸಿಗಿಸಿ ಮೇಲೆ ಕೊಟ್ಟಳು. ತಲೆಗೆ ಎಣ್ಣೆ ಯಾಕೆ ಹಚ್ಚಿಲ್ಲ ಎಂದು ಬೈದಳು. ನೀನು ಯಾಕೆ ಸೊರಗಿದ್ದೀ ಎಂದು ಅವನು ಕೇಳಿದ. ಅವನ ಕಣ್ಣು ತಂತಿಯ ಮೇಲೇ ಇರಬೇಕು, ಇವಳನ್ನು ನೋಡುವಂತಿಲ್ಲ. ಬದಿಯ ದೊಡ್ಡ ಕನ್ನಡಿಯಲ್ಲಿ ಆಗಾಗ ನೋಡಿಕೊಂಡ. ಸ್ಕೂಟರು ತಳ್ಳಿಕೊಂಡು ನಾನು ಹತ್ತು ಹೆಜ್ಜೆ ಹಿಂದಿದ್ದೆ. ಏನೇನು ಮಾತಾಡಿದರೆಂದು ಎಲ್ಲ ಕೇಳಿದ್ದೇನೆ. ಎಲ್ಲ ಹೇಳುವುದಿಲ್ಲ.

ಊರು ಮುಗಿಯಿತು. ಜೀಪಿನವನು ಸೀಟಿ ಊದಿದ, ವೇಗ ಏರಿಸಬೇಕು. ಅವಳು ಇನ್ನೂ ನಾಲ್ಕು ಹೆಜ್ಜೆ ಓಡಿ ನಿಂತಳು. ಕಿಟಕಿ ಮುಂದೆ ಹೋಯಿತು, ಕನ್ನಡಿ ಹೋಯಿತು. ಆದರೆ ಗಾಡಿ ಮುಗಿದಿರಲಿಲ್ಲವಲ್ಲ, ಅವನು ಹೊತ್ತ ರೆಕ್ಕೆ ಅವಳ ಪಕ್ಕದಲ್ಲೇ ಹಾಯುತ್ತಿತ್ತು. ಅವಳು ಕೈ ಚಾಚಿ ಅದರ ಮೇಲೆ ಅಂಗೈ ಇಟ್ಟಳು. ಬಿಳಿ, ನುಣುಪು, ಬಿಸಿಲಿಗೆ ಕಾದದ್ದು. ಮುಂದೆ ಅವನು ಎಳೆಯುತ್ತಿದ್ದಾನೆ, ಇಲ್ಲಿ ಅವಳ ಅಂಗೈಯಡಿ ಹರಿಯುತ್ತಿದೆ. ಅದು ಮುಗಿಯದಿರಲಿ ಎಂದು ನನಗೂ ಅನ್ನಿಸಿತು.

"ಮುಗೀಲಿಲ್ಲೋ ಬೀರಣ್ಣ," ಎಂದೆ. "ಹೋಗ್ಲಕ್ಕತ್ತು, ಹೋಗ್ಲಕ್ಕತ್ತು. ನಾ ಒಂದ ಚಾ ಕುಡದ ಬಂದೆ, ಇನ್ನಾ ಹೋಗ್ಲಕ್ಕತ್ತಿತ್ತು. ಏಣಗೂರ ಮುಟ್ಟಿ ಅಂವಾ ಫೋನ ಮಾಡ್ದ, ‘ಕೈ ಇಟ್ಟಿಯಲ್ಲ, ತಗೀಬ್ಯಾಡ, ಇಲ್ಲಿ ಮಟ ಗೊತ್ತಾಗ್ಲತ್ತದ’ ಅಂತ. ಆಕಿ ಕೈ ತಗೀಲಿಲ್ಲ. ಹೊತ್ತ ಇಳೀಲಾಕ ಬಂತು, ಅಂವಾ ನಳದುರ್ಗ ದಾಟ್ದ, ರೆಕ್ಕಿ ತುದಿ ಇನ್ನಾ ಬಂದಿಲ್ಲ. ಯಾಕೋ, ಚೀಲ ಯಾಕ ಹೆಗಲಿಗಿ ಹಾಕ್ಕೊಂಡಿ? ಬಸ್ಸ ಬಂದಿಲ್ಲ, ಕೂಡು. ಬೀರಣ್ಣ! ಏ ಬೀರಣ್ಣ, ಎತ್ತ ಹೊಂಟಿ? ಆಕಿ ಇನ್ನಾ ಅಲ್ಲೇ ನಿಂತಾಳೋ, ಕೈ ಹಾಂಗೇ ಅದ, ಅಷ್ಟರಾಗ ಮುಂದಿನಿಂದ ಅಂವಾ ಏನಂತ ಒದರ್ದ ಅಂದ್ರ, ವಿಜಯ—"